ರಸ್ತೆ ಪ್ರವಾಸ, ಕ್ಯಾರವಾನ್, ಸುರಕ್ಷಿತ ಚಾಲನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಡಿ ತೆಗೆದುಕೊಂಡು ದೂರ ಹೊರಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೆಲವಕ್ಕೆ ಉದ್ದ ಉತ್ತರ ಬೇಕು, ಕೆಲವಕ್ಕೆ ಎರಡು ಸಾಲು ಸಾಕು. ಎಲ್ಲದರ ಹಿಂದೆ ನನ್ನ ಮಾತು ಒಂದೇ: ದಿನಕ್ಕೆ ಓಡಿಸುವ ದೂರ ಇಳಿಸಿ. ಅಪಾಯ ಕಡಿಮೆಯಾಗುತ್ತದೆ, ಖರ್ಚು ಕಡಿಮೆಯಾಗುತ್ತದೆ, ನೋಡುವುದು ಜಾಸ್ತಿಯಾಗುತ್ತದೆ.

ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸಬಹುದು?

ಕಿಲೋಮೀಟರ್ ಬಿಡಿ, ಗಂಟೆ ಲೆಕ್ಕ ಹಾಕಿ. ಒಬ್ಬರೇ ಓಡಿಸುವುದಾದರೆ ದಿನಕ್ಕೆ ಐದಾರು ಗಂಟೆ ಮೀರಬೇಡಿ. ಹಿಂದೆ ಕ್ಯಾರವಾನ್ (ಕಾರು ಎಳೆಯುವ ಚಕ್ರದ ಮನೆ) ಕಟ್ಟಿಕೊಂಡಿದ್ದರೆ ನಾಲ್ಕು ಗಂಟೆ ಸಾಕು. ಫೋನಿನ ಮ್ಯಾಪ್ ತೋರಿಸುವ ಸಮಯ ಎಲ್ಲೂ ನಿಲ್ಲದೆ ಓಡುವ ಕಾರಿನದ್ದು. ಅದರಲ್ಲಿ ಇಂಧನ ತುಂಬಿಸುವ ಸಾಲು ಇಲ್ಲ, ಮಕ್ಕಳ ಬಾತ್‌ರೂಮ್ ಇಲ್ಲ, "ಎಷ್ಟು ಚೆನ್ನಾಗಿದೆ, ನಿಲ್ಸಿ ನಿಲ್ಸಿ" ಅನ್ನುವ ಕೂಗೂ ಇಲ್ಲ. ಆ ಸಮಯಕ್ಕೆ ಮೂರನೇ ಒಂದು ಪಾಲು ಸೇರಿಸಿಕೊಳ್ಳಿ, ಆಗ ನಿಜಕ್ಕೆ ಹತ್ತಿರ ಬರುತ್ತದೆ. ಬೆಳಕಿರುವಾಗಲೇ ತಂಗುವ ಜಾಗ ಮುಟ್ಟಬೇಕು, ಇದೊಂದನ್ನು ಬಿಗಿಯಾಗಿ ಹಿಡಿದುಕೊಂಡರೆ ಉಳಿದ ಲೆಕ್ಕ ತಾನಾಗಿ ಸರಿಹೋಗುತ್ತದೆ.

ನಿದ್ದೆ ಬಂದರೆ ಕಾಫಿ ಕುಡಿದು ಮುಂದೆ ಹೋಗಬಹುದಲ್ವಾ?

ಕಾಫಿ ಒಂದರಿಂದಲೇ ಆಗುವುದಿಲ್ಲ. ಕುಡಿದ ಕಾಫಿ ಕೆಲಸ ಶುರು ಮಾಡಲು ಸುಮಾರು 20ರಿಂದ 30 ನಿಮಿಷ ಬೇಕು, ಅಷ್ಟರೊಳಗೆ ಏನು ಬೇಕಾದರೂ ಆಗಬಹುದು. ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ, ಕಾಫಿ ಕುಡಿದು, ತಕ್ಷಣ ಸೀಟು ಹಿಂದಕ್ಕೆ ಬಾಗಿಸಿ 15–20 ನಿಮಿಷ ಮಲಗಿ. ಏಳುವ ಹೊತ್ತಿಗೆ ನಿದ್ದೆಯ ಲಾಭ, ಕಾಫಿಯ ಲಾಭ ಎರಡೂ ಸಿಗುತ್ತವೆ. ಎದ್ದ ಮೇಲೂ ಐದು ನಿಮಿಷ ಓಡಾಡಿ, ಆಮೇಲೆ ಸ್ಟಾರ್ಟ್ ಮಾಡಿ. ಇದು ಒಂದಿಷ್ಟು ದೂರಕ್ಕೆ ಮಾತ್ರ. ಮತ್ತೆ ಆಕಳಿಕೆ ಶುರುವಾದರೆ ಅವತ್ತಿನ ಓಟ ಮುಗಿಯಿತು ಅಂತಲೇ ತಿಳಿಯಿರಿ.

ಕಿಟಕಿ ಇಳಿಸುವುದು, ಜೋರಾಗಿ ಹಾಡು ಹಾಕುವುದು, ಮುಖಕ್ಕೆ ನೀರು ಎರಚಿಕೊಳ್ಳುವುದು ಯಾವುದೂ ನಿದ್ದೆಯನ್ನು ತಡೆಯುವುದಿಲ್ಲ. ಮೂರು ನಾಲ್ಕು ಸೆಕೆಂಡಿನ ತೂಕಡಿಕೆ ಬಂದು ಹೋದದ್ದು ಎಷ್ಟೋ ಸಲ ಓಡಿಸುವವರಿಗೇ ಗೊತ್ತಾಗುವುದಿಲ್ಲ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡ್ ಅಂದರೆ 100 ಮೀಟರ್. ಕಣ್ಣು ಮುಚ್ಚಿಕೊಂಡು 100 ಮೀಟರ್! ಸತತ 17 ಗಂಟೆ ಎಚ್ಚರವಿದ್ದವರ ಕೈಕಾಲಿನ ಚುರುಕು ರಕ್ತದಲ್ಲಿ 0.05 ಶೇಕಡ ಮದ್ಯ ಇರುವವರಷ್ಟು ಕುಗ್ಗುತ್ತದೆ ಅಂತ 1997ರಿಂದಲೂ ಪ್ರಯೋಗಗಳು ತೋರಿಸಿವೆ. ಹಿಂದಿನ ದಿನ ಆಫೀಸ್ ಮುಗಿಸಿ, ರಾತ್ರಿ ಬ್ಯಾಗ್ ತುಂಬಿ, ಎರಡು ಗಂಟೆ ಮಲಗಿ, ಬೆಳಗಿನ ಜಾವ ಹೊರಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ದಯವಿಟ್ಟು ಬಿಟ್ಟುಬಿಡಿ. ಅರ್ಧ ದಿನ ತಡವಾಗಿ ಹೊರಡಿ, ಏನೂ ಮುಳುಗುವುದಿಲ್ಲ.

ನಿದ್ದೆ ಇಲ್ಲದಿದ್ದರೂ ಎರಡು ಗಂಟೆಗೊಮ್ಮೆ ಇಳಿಯಿರಿ.

ರಸ್ತೆ ಖಾಲಿ ಇದ್ದಾಗ ಸ್ವಲ್ಪ ವೇಗ ಹೋದರೆ ಏನು ತಪ್ಪು?

ಮೊದಲು ಲಾಭ ಎಷ್ಟು ನೋಡೋಣ. 100 ಕಿಲೋಮೀಟರ್ ದೂರವನ್ನು 100ರ ಬದಲು 110ರಲ್ಲಿ ಹೋದರೆ ಉಳಿಯುವುದು ಐದೂವರೆ ನಿಮಿಷ. ಅಷ್ಟೇ.

ಈಗ ನಷ್ಟ ನೋಡಿ. ಎದುರಿಗೆ ಏನೋ ಅಡ್ಡ ಬಂತು. ಅದನ್ನು ನೋಡಿ ಕಾಲು ಬ್ರೇಕ್ ಮೇಲೆ ಬರುವುದಕ್ಕೆ ಒಂದು ಸೆಕೆಂಡ್ ಬೇಕು ಅಂದುಕೊಳ್ಳಿ. 50ರಲ್ಲಿ ಹೋಗುವ ಕಾರು ಆ ಸೆಕೆಂಡಿನಲ್ಲಿ 14 ಮೀಟರ್ ಹೋಗಿ, ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ಇನ್ನೊಂದು 14 ಮೀಟರ್ ಹೋಗಿ ನಿಲ್ಲುತ್ತದೆ. ಒಟ್ಟು 28. ಅದೇ ಕಾರು 100ರಲ್ಲಿ ಇದ್ದರೆ ಆ ಒಂದು ಸೆಕೆಂಡಿಗೇ 28 ಮೀಟರ್ ಖರ್ಚು. ಅಂದರೆ ನಿಧಾನದ ಕಾರು ಪೂರ್ತಿ ನಿಂತಿರುವ ಜಾಗದಲ್ಲಿ ವೇಗದ ಕಾರಿನವನ ಕಾಲು ಈಗಷ್ಟೇ ಬ್ರೇಕ್ ಮುಟ್ಟುತ್ತಿರುತ್ತದೆ, ಅಲ್ಲಿಂದ ನಿಲ್ಲಲು ಇನ್ನೂ 55 ಮೀಟರ್ ಬೇಕು. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲಿನ ದೂರ ನಾಲ್ಕು ಪಟ್ಟು. ರಸ್ತೆ ಒದ್ದೆಯಾಗಿದ್ದರೆ ಇನ್ನೂ ಜಾಸ್ತಿ.

ಮುಂದಿನ ಗಾಡಿಗೂ ನಮಗೂ ಎಷ್ಟು ಅಂತರ ಇರಬೇಕು?

ಮುಂದಿನ ಗಾಡಿ ಒಂದು ಕಂಬ ದಾಟಿದಾಗ ಎಣಿಸಲು ಶುರು ಮಾಡಿ. ನೀವು ಅದೇ ಕಂಬ ದಾಟುವಾಗ ಕನಿಷ್ಠ ಎರಡು ಸೆಕೆಂಡ್ ಆಗಿರಬೇಕು. ಮಳೆಯಲ್ಲಿ ನಾಲ್ಕು. ಕ್ಯಾರವಾನ್ ಎಳೆಯುತ್ತಿದ್ದರೆ ಒಣ ರಸ್ತೆಯಲ್ಲೂ ನಾಲ್ಕು. ಆ ಜಾಗಕ್ಕೆ ಯಾರಾದರೂ ನುಗ್ಗುತ್ತಾರೆ, ನಿಜ. ನುಗ್ಗಲಿ, ಮತ್ತೆ ಹಿಂದೆ ಸರಿಯಿರಿ.

ಹೊರಡುವ ಮುಂಚೆ ಏನೇನು ನೋಡಬೇಕು?

ದೀಪಗಳು, ಬ್ರೇಕ್, ವೈಪರ್, ಕೂಲೆಂಟ್, ಎಂಜಿನ್ ಆಯಿಲ್, ಸ್ಟೆಪ್ನಿ, ಜಾಕ್, ಪಾನಾ. ಇವೆಲ್ಲ ನಿಮಗೆ ಗೊತ್ತಿರುವುದೇ. ನಾನು ಒತ್ತಿ ಹೇಳುವುದು ಟಯರ್ ಬಗ್ಗೆ, ಯಾಕೆಂದರೆ ಇಡೀ ಗಾಡಿ ನೆಲ ಮುಟ್ಟುವುದು ನಾಲ್ಕು ಅಂಗೈಯಷ್ಟು ರಬ್ಬರಿನಲ್ಲಿ.

ಟಯರ್ ಪಕ್ಕದ ಗೋಡೆಯ ಮೇಲೆ ಡಿ, ಓ, ಟಿ ಅಂತ ಮೂರು ಇಂಗ್ಲಿಷ್ ಅಕ್ಷರದಿಂದ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು ಅಂತ ಅರ್ಥ. ಒಮ್ಮೆ ನಾವು ಬಾಡಿಗೆಗೆ ತೆಗೆದುಕೊಂಡ, ಒಳಗೇ ಹಾಸಿಗೆ ಒಲೆ ಇರುವ ಕ್ಯಾಂಪರ್‌ವ್ಯಾನ್‌ನ ಹಿಂದಿನ ಟಯರ್ ನೋಡಲು ಹೊಸದರಂತೆಯೇ ಇತ್ತು, ಗೆರೆಗಳೆಲ್ಲ ಆಳವಾಗಿದ್ದವು. ಮೊಣಕಾಲೂರಿ, ಧೂಳು ಒರೆಸಿ ಅಂಕಿ ಓದಿದರೆ ಒಂಬತ್ತು ವರ್ಷ ಹಳೆಯದು. ಉಗುರಿನಿಂದ ಒತ್ತಿದಾಗ ಗೋಡೆಯ ತುಂಬ ಕೂದಲೆಳೆಯಂಥ ಬಿರುಕು ಕಾಣಿಸಿತು. ಬದಲಾಯಿಸಿ ಕೊಡುವವರೆಗೂ ನಾವು ಹೊರಡಲಿಲ್ಲ. ಮನೆಯಲ್ಲಿ ವರ್ಷಪೂರ್ತಿ ನಿಂತೇ ಇರುವ ಕ್ಯಾರವಾನ್‌ಗಳದ್ದೂ ಇದೇ ಕಥೆ: ಟಯರ್ ಸವೆಯುವುದಿಲ್ಲ, ಆದರೆ ಮುದಿಯಾಗುತ್ತದೆ.

ಗೆರೆಯ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆಯಾದರೆ ಬಹಳಷ್ಟು ದೇಶಗಳಲ್ಲಿ ಕಾನೂನೇ ಒಪ್ಪುವುದಿಲ್ಲ. ಮಳೆಗಾಲದಲ್ಲಿ 3 ಮಿಲಿಮೀಟರ್ ಇದ್ದಾಗಲೇ ಬದಲಾಯಿಸಿ. ಗಾಳಿ ಎಷ್ಟಿದೆ ಅಂತ ನೋಡುವುದು ಟಯರ್ ತಣ್ಣಗಿರುವಾಗ, ಹೊರಡುವ ಮುಂಚೆ. ಸ್ಟೆಪ್ನಿಯನ್ನೂ ಮರೆಯಬೇಡಿ.

ಅಂದ ಹಾಗೆ, ಕಾರಿನಲ್ಲಿ ಮೊದಲ ದೂರ ಪ್ರಯಾಣ ಮಾಡಿದವರು ಬರ್ಥಾ ಬೆಂಜ್. 1888ರ ಆಗಸ್ಟ್‌ನಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, 100 ಕಿಲೋಮೀಟರ್‌ಗೂ ಜಾಸ್ತಿ ದೂರ ಹೋದರು. ಇಂಧನ ಸಿಕ್ಕಿದ್ದು ಔಷಧಿ ಅಂಗಡಿಯಲ್ಲಿ. ಬ್ರೇಕಿನ ಮರದ ತುಂಡು ಸವೆದಾಗ ಚಪ್ಪಲಿ ಹೊಲಿಯುವವರ ಹತ್ತಿರ ಹೋಗಿ ಅದಕ್ಕೆ ಚರ್ಮ ಹೊಡೆಸಿಕೊಂಡರು. ದಾರಿಯಲ್ಲಿ ಬ್ರೇಕ್ ಮೇಲೆ ಕಣ್ಣಿಟ್ಟುಕೊಂಡೇ ಅವರು ಊರು ಮುಟ್ಟಿದ್ದು.

ಹಿಂದಿನ ಸೀಟಿನಲ್ಲೂ ಬೆಲ್ಟ್ ಹಾಕಲೇಬೇಕಾ?

ಹಾಕಲೇಬೇಕು. ಬೆಲ್ಟ್ ಇಲ್ಲದೆ ಹಿಂದೆ ಕೂತವರು ಡಿಕ್ಕಿಯಾದಾಗ ಮುಂದಿನವರ ಬೆನ್ನಿಗೆ ಅಪ್ಪಳಿಸುತ್ತಾರೆ, ಇಬ್ಬರಿಗೂ ಜೀವಾಪಾಯ. ಮೂರು ಬಿಂದುವಿನ ಬೆಲ್ಟನ್ನು ವೋಲ್ವೋದ ನೀಲ್ಸ್ ಬೋಲಿನ್ ರೂಪಿಸಿದ್ದು 1959ರಲ್ಲಿ, ಕಂಪನಿ ಅದರ ಪೇಟೆಂಟನ್ನು ಎಲ್ಲರೂ ಬಳಸಲು ಬಿಟ್ಟುಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ. ಕೈಯಳತೆಯಲ್ಲಿರುವ ಬೆಲ್ಟ್ ಎಳೆದುಕೊಳ್ಳಲು ಎರಡು ಸೆಕೆಂಡ್ ಸಾಕು. ಮನೆಯಂಥ ದೊಡ್ಡ ಗಾಡಿಯಾದ ಮೋಟರ್‌ಹೋಮ್‌ನಲ್ಲಿ ಹೋಗುವಾಗ ಹಿಂದಿನ ಹಾಸಿಗೆಯಲ್ಲಿ ಮಲಗಿಕೊಂಡು ಹೋಗುವುದೂ ಇದೇ ತಪ್ಪು. ಹಿಮ್ಮುಖ ಮಗುಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಎಂದೂ ಇಡಬೇಡಿ.

ಘಾಟಿ ಇಳಿಯುವಾಗ ಬ್ರೇಕ್ ಸುಟ್ಟ ವಾಸನೆ ಬರುತ್ತದೆ, ಯಾಕೆ?

ಇಳಿಜಾರಿನ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದಿದ್ದೀರಿ, ಅದಕ್ಕೆ. ಬ್ರೇಕ್ ಅತಿಯಾಗಿ ಕಾದರೆ ಹಿಡಿತ ಕಳೆದುಕೊಳ್ಳುತ್ತದೆ, ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಇಳಿಯಲು ಶುರು ಮಾಡುವ ಮುಂಚೆಯೇ ಗೇರ್ ಇಳಿಸಿ. ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಅದೇ, ಅಥವಾ ಇನ್ನೂ ಒಂದು ಕೆಳಗೆ. ಆಟೋಮ್ಯಾಟಿಕ್ ಗಾಡಿಯಲ್ಲೂ ಕೆಳಗಿನ ಗೇರ್ ಹಿಡಿದಿಡುವ ವ್ಯವಸ್ಥೆ ಇರುತ್ತದೆ, ಎಲ್ಲಿದೆ ಅಂತ ಮನೆಯಲ್ಲೇ ನೋಡಿಕೊಂಡು ಹೋಗಿ. ಬ್ರೇಕನ್ನು ಗಟ್ಟಿಯಾಗಿ ಹಿಡಿದು, ವೇಗ ಇಳಿಸಿ, ಬಿಟ್ಟುಬಿಡಿ. ಇಂಧನ ಉಳಿಸೋಣ ಅಂತ ನ್ಯೂಟ್ರಲ್ ಹಾಕಿ ಜಾರಿಸುವುದು ಬೇಡವೇ ಬೇಡ. ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ತಣಿಯಲು ಬಿಡಿ, ನೀರು ಹಾಕಬೇಡಿ.

ಮಳೆ, ಮಂಜು, ರಾತ್ರಿ?

ರಸ್ತೆ ಮೇಲೆ ನೀರು ನಿಂತಾಗ ಟಯರ್ ನೀರಿನ ಮೇಲೆ ತೇಲುವುದುಂಟು, ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವಾಗುತ್ತದೆ. ಆಗ ಬ್ರೇಕ್ ಹಿಡಿಯಬೇಡಿ, ಸ್ಟೀರಿಂಗ್ ತಿರುಗಿಸಬೇಡಿ. ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು ನೇರ ಹಿಡಿದುಕೊಳ್ಳಿ, ಹಿಡಿತ ವಾಪಸ್ ಬರುತ್ತದೆ. ಹರಿಯುವ ನೀರಿಗೆ ಮಾತ್ರ ಗಾಡಿ ಇಳಿಸಲೇಬೇಡಿ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ, ಡಿಮ್‌ನಲ್ಲೇ ಹೋಗಿ.

ಕಾಡುಪ್ರಾಣಿಗಳು ಹೆಚ್ಚು ಓಡಾಡುವುದು ಮುಂಜಾನೆ ಮತ್ತು ಮುಸ್ಸಂಜೆ. ಆಸ್ಟ್ರೇಲಿಯಾದಲ್ಲಿ ಕಾಂಗರೂ, ಸ್ವೀಡನ್, ನಾರ್ವೆ ಕಡೆ ಮೂಸ್ ಅನ್ನುವ ಭಾರೀ ಜಿಂಕೆ. ಮೂಸ್‌ನ ಕಾಲು ಎಷ್ಟು ಉದ್ದ ಅಂದರೆ ಕಾರು ಕಾಲಿಗೆ ಗುದ್ದಿದಾಗ ಅದರ ಇಡೀ ದೇಹ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ಒಂದು ಪ್ರಾಣಿ ದಾಟಿದರೆ ಹಿಂದೆ ಇನ್ನೊಂದು ಇದೆ ಅಂತಲೇ ಇಟ್ಟುಕೊಳ್ಳಿ.

ಕ್ಯಾರವಾನ್, ಕ್ಯಾಂಪರ್‌ವ್ಯಾನ್, ಮೋಟರ್‌ಹೋಮ್: ವ್ಯತ್ಯಾಸ ಏನು, ಯಾವುದು ಒಳ್ಳೆಯದು?

ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆ ಕ್ಯಾರವಾನ್. ವ್ಯಾನ್ ಒಳಗೇ ಹಾಸಿಗೆ, ಪುಟ್ಟ ಒಲೆ ಇದ್ದರೆ ಕ್ಯಾಂಪರ್‌ವ್ಯಾನ್. ಅದಕ್ಕಿಂತ ದೊಡ್ಡದು, ಬಾತ್‌ರೂಮ್ ಸಮೇತ ಇರುವುದು ಮೋಟರ್‌ಹೋಮ್.

ಒಂದೇ ಕಡೆ ನಾಲ್ಕು ದಿನ ತಂಗಿ ಸುತ್ತ ತಿರುಗಾಡುವವರಿಗೆ ಕ್ಯಾರವಾನ್ ಸರಿ, ಬಿಚ್ಚಿಟ್ಟು ಕಾರಿನಲ್ಲಿ ಹೋಗಿಬರಬಹುದು. ದಿನಾ ಜಾಗ ಬದಲಾಯಿಸುವವರಿಗೆ ಕ್ಯಾಂಪರ್‌ವ್ಯಾನ್. ಇಬ್ಬರಿಗೆ, ಮೊದಲ ಸಲಕ್ಕೆ, ನಾನು ಕಣ್ಣುಮುಚ್ಚಿ ಹೇಳುವುದು ಸಣ್ಣ ಕ್ಯಾಂಪರ್‌ವ್ಯಾನ್. ಕಾರಿನಂತೆ ಓಡುತ್ತದೆ, ಎಲ್ಲೆಂದರಲ್ಲಿ ನಿಲ್ಲುತ್ತದೆ. ದೊಡ್ಡ ಮೋಟರ್‌ಹೋಮ್ ಫೋಟೋದಲ್ಲಿ ಚೆಂದ, ಇಕ್ಕಟ್ಟಾದ ಊರಿನಲ್ಲಿ ಹಿಂದಕ್ಕೆ ತೆಗೆಯುವಾಗ ಕಷ್ಟ. ಸುಮಾರು 3 ಮೀಟರ್ ಎತ್ತರ ಇರುತ್ತದೆ, ಅದನ್ನು ನಿಮ್ಮ ಮೆದುಳು ಮರೆಯುತ್ತದೆ. ಎತ್ತರ, ಅಗಲ, ತೂಕ ಮೂರನ್ನೂ ದಪ್ಪಕ್ಷರದಲ್ಲಿ ಬರೆದು ಸ್ಟೀರಿಂಗ್ ಎದುರಿಗೆ ಅಂಟಿಸಿ.

ಮೊದಲ ಸಲ ಕ್ಯಾರವಾನ್ ಎಳೆಯುತ್ತಿದ್ದೇನೆ. ಏನು ಎಚ್ಚರ ಬೇಕು?

ತೂಕ. ಎಲ್ಲವೂ ತೂಕದಲ್ಲೇ ಇದೆ. ಸಾಮಾನು ತುಂಬಿದ ಕ್ಯಾರವಾನ್ ಕಾರಿನ ತೂಕದ 85 ಶೇಕಡ ಮೀರದಿರಲಿ ಅನ್ನುವುದು ಹೊಸಬರಿಗೆ ಹಳಬರು ಹೇಳುವ ಮಾತು. ಜೊತೆಗೆ ಕಾರಿನ ಕಂಪನಿ ಹೇಳಿದ ಎಳೆಯುವ ಮಿತಿಯನ್ನು ಎಂದೂ ದಾಟಬಾರದು. ಭಾರದ ವಸ್ತುಗಳು ನೆಲಮಟ್ಟದಲ್ಲಿ, ಚಕ್ರದ ಅಚ್ಚಿನ ಮೇಲೆ ಇರಲಿ. ಹಗುರವಾದದ್ದು ಮೇಲಿನ ಕಪಾಟಿಗೆ. ನೀರಿನ ಟ್ಯಾಂಕ್ ತುಂಬಿಕೊಂಡು ಹೋಗಬೇಡಿ, 100 ಲೀಟರ್ ನೀರು ಅಂದರೆ 100 ಕಿಲೋ.

ಕಾರಿಗೆ ಕ್ಯಾರವಾನ್ ಜೋಡಿಸುವ ಕೊಂಡಿಯ ಮೇಲೆ ಬೀಳುವ ಭಾರ ತೀರ ಕಡಿಮೆ ಇದ್ದರೆ ಕ್ಯಾರವಾನ್ ಹಾವಿನಂತೆ ಹೊಯ್ದಾಡುತ್ತದೆ. ಬ್ರಿಟನ್‌ನಲ್ಲಿ ಕ್ಯಾರವಾನ್ ತೂಕದ 5ರಿಂದ 7 ಶೇಕಡ ಭಾರ ಕೊಂಡಿಯ ಮೇಲಿರಲಿ ಅನ್ನುತ್ತಾರೆ, ಅಮೆರಿಕದಲ್ಲಿ 10ರಿಂದ 15. ನಿಮ್ಮ ಗಾಡಿಯ ಕೈಪಿಡಿ ಹೇಳಿದ್ದನ್ನು ಪಾಲಿಸಿ. ಹೊಯ್ದಾಟ ಶುರುವಾಗುವುದು ಸಾಮಾನ್ಯವಾಗಿ ಇಳಿಜಾರಿನಲ್ಲಿ, ಅಡ್ಡಗಾಳಿಯಲ್ಲಿ, ಅಥವಾ ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದಾಗ. ಮೊದಲು ಬೆನ್ನಿಗೆ ಗೊತ್ತಾಗುತ್ತದೆ, ಹಿಂದಿನಿಂದ ಯಾರೋ ಸೀಟನ್ನು ಎಡಕ್ಕೆ ಬಲಕ್ಕೆ ನೂಕಿದ ಹಾಗೆ. ಕನ್ನಡಿ ನೋಡಿದರೆ ಕ್ಯಾರವಾನ್‌ನ ಮೂಲೆ ಒಮ್ಮೆ ಈ ಕನ್ನಡಿಯಲ್ಲಿ, ಒಮ್ಮೆ ಆ ಕನ್ನಡಿಯಲ್ಲಿ ಕಾಣುತ್ತದೆ. ಆಗ ಕೈ ತಾನಾಗಿ ಸ್ಟೀರಿಂಗ್ ತಿರುಗಿಸಿ ಸರಿಮಾಡಲು ಹೋಗುತ್ತದೆ, ಕಾಲು ಬ್ರೇಕ್ ಕಡೆ ಹೋಗುತ್ತದೆ. ಎರಡೂ ಬೇಡ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೀರಿಂಗ್ ನೇರ ಹಿಡಿಯಿರಿ, ಗಾಡಿ ತಾನಾಗಿ ನಿಧಾನವಾಗಲಿ. ಆಮೇಲೆ ನಿಲ್ಲಿಸಿ ಸಾಮಾನು ಸರಿಯಾಗಿ ಜೋಡಿಸಿ. ವೇಗ ಜಾಸ್ತಿ ಮಾಡಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಹಿಂದಕ್ಕೆ ತೆಗೆಯುವುದನ್ನು ಖಾಲಿ ಮೈದಾನದಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕಲಿಯಿರಿ. ಸ್ಟೀರಿಂಗಿನ ಕೆಳಭಾಗ ಹಿಡಿದುಕೊಳ್ಳಿ, ಆ ಕೈ ಹೋದ ಕಡೆಗೇ ಕ್ಯಾರವಾನ್‌ನ ಹಿಂಭಾಗ ಹೋಗುತ್ತದೆ. ಸುಲಭ ಸೂತ್ರ.

ಕಡಿಮೆ ಖರ್ಚಿನಲ್ಲಿ ಕ್ಯಾರವಾನ್ ರಜೆ ಸಾಧ್ಯವಾ?

ಸಾಧ್ಯ, ಆದರೆ ಲೆಕ್ಕ ಮೊದಲೇ ಹಾಕಬೇಕು. ದಿನದ ಬಾಡಿಗೆ ಮಾತ್ರ ನೋಡಿ ಅಗ್ಗ ಅಂದುಕೊಂಡವರು ಕೊನೆಯ ಬಿಲ್ ನೋಡಿ ಗಾಬರಿಯಾಗುತ್ತಾರೆ. ವಿಮೆ, ಠೇವಣಿ, ಕಿಲೋಮೀಟರ್ ಮಿತಿ, ಹಾಸಿಗೆ ಪಾತ್ರೆಗಳ ಬಾಡಿಗೆ, ತೊಳೆಯುವ ಶುಲ್ಕ, ತಂಗುವ ಜಾಗದ ಶುಲ್ಕ, ಇಂಧನ, ಎಲ್ಲ ಕೂಡಿಸಿ ಕಾರು ಮತ್ತು ಸಾಧಾರಣ ರೂಮಿನ ಖರ್ಚಿನ ಜೊತೆ ಹೋಲಿಸಿ. ಇಬ್ಬರೇ ಇದ್ದರೆ ಎಷ್ಟೋ ಸಲ ಕಾರೇ ಅಗ್ಗ, ನಿಜ ಹೇಳಬೇಕು. ನಾಲ್ಕೈದು ಜನ ಇದ್ದರೆ, ಅಡುಗೆ ಒಳಗೇ ಮಾಡಿಕೊಂಡರೆ ಕ್ಯಾರವಾನ್ ಗೆಲ್ಲುತ್ತದೆ.

ಉಳಿತಾಯದ ದೊಡ್ಡ ದಾರಿ ರಜೆಯ ತಿಂಗಳು ಬಿಟ್ಟು ಹೋಗುವುದು. ಸೀಸನ್‌ಗೆ ಸ್ವಲ್ಪ ಮುಂಚೆ ಅಥವಾ ಸ್ವಲ್ಪ ಆಮೇಲೆ ಬಾಡಿಗೆಯೂ ಇಳಿದಿರುತ್ತದೆ, ರಸ್ತೆಯೂ ಖಾಲಿ ಇರುತ್ತದೆ. ಇನ್ನೊಂದು ದಾರಿ ಬಹಳ ಜನಕ್ಕೆ ಗೊತ್ತಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕದಂಥ ಕಡೆ ಒಂದೂರಲ್ಲಿ ತೆಗೆದುಕೊಂಡ ಗಾಡಿಯನ್ನು ಜನ ಇನ್ನೊಂದೂರಲ್ಲಿ ಬಿಟ್ಟು ಹೋಗುತ್ತಾರೆ. ಅದನ್ನು ವಾಪಸ್ ತಲುಪಿಸುವವರಿಗೆ ಬಾಡಿಗೆ ಕಂಪನಿಗಳು ಹೆಸರಿಗಷ್ಟೇ ಅನ್ನುವ ದರದಲ್ಲಿ ಗಾಡಿ ಕೊಡುತ್ತವೆ. ಷರತ್ತು ಒಂದೇ, ಇಷ್ಟು ದಿನದಲ್ಲಿ ತಲುಪಿಸಬೇಕು. ಆ ದಿನಗಳು ತೀರ ಕಡಿಮೆ ಇದ್ದರೆ ಬೇಡ ಅನ್ನಿ, ಅಗ್ಗದ ಆಸೆಗೆ ದಿನಕ್ಕೆ ಹತ್ತು ಗಂಟೆ ಓಡಿಸುವಂತಾಗಬಾರದು.

ಮೂರನೆಯದು ನಿಧಾನ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ (ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು), ಗೋಡೆಯಂಥ ಮುಖವಿರುವ ಗಾಡಿಗೆ ಇದು ಇನ್ನೂ ಜೋರಾಗಿ ತಟ್ಟುತ್ತದೆ. 110 ಬಿಟ್ಟು 90ರಲ್ಲಿ ಹೋಗಿ, ಪೆಟ್ರೋಲ್ ಬಂಕಿನಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಒಂದೇ ಕಡೆ ಎರಡು ರಾತ್ರಿ ಉಳಿದರೆ ಇನ್ನೂ ಉಳಿತಾಯ.

ಗಾಡಿ ತೆಗೆದುಕೊಳ್ಳುವಾಗ ಒಳಗೆ ಹೊರಗೆ ಪೂರ್ತಿ ವಿಡಿಯೋ ಮಾಡಿ, ಚಾವಣಿ ಸಮೇತ.

ರಾತ್ರಿ ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗಬಹುದಾ?

ಇಲ್ಲ. ಪ್ರತಿ ದೇಶದ ನಿಯಮ ಬೇರೆ. ಜರ್ಮನಿಯಲ್ಲಿ ಶ್ಟೆಲ್‌ಪ್ಲಾಟ್ಸ್, ಫ್ರಾನ್ಸ್‌ನಲ್ಲಿ ಏರ್ ಅಂತ ಮೋಟರ್‌ಹೋಮ್‌ಗಳಿಗೇ ಮಾಡಿದ ಜಾಗಗಳಿವೆ, ಕ್ಯಾಂಪ್‌ಸೈಟ್‌ಗಿಂತ ಸಾಮಾನ್ಯವಾಗಿ ಅಗ್ಗ. ನ್ಯೂಜಿಲೆಂಡ್‌ನಲ್ಲಿ 2011ರ ಕಾನೂನಿದೆ, ಅಲ್ಲಿನ ಎಷ್ಟೋ ಉಚಿತ ಜಾಗಗಳಲ್ಲಿ ಟಾಯ್ಲೆಟ್, ನೀರು ಎಲ್ಲ ಒಳಗೇ ಇದೆ ಅನ್ನುವ ಪ್ರಮಾಣಪತ್ರ ಇರುವ ಗಾಡಿಗೆ ಮಾತ್ರ ಅವಕಾಶ. ಸ್ವೀಡನ್‌ನಲ್ಲಿ ಪ್ರಕೃತಿಯಲ್ಲಿ ಎಲ್ಲರೂ ಓಡಾಡಬಹುದು ಅನ್ನುವ ಹಕ್ಕು ಕಾಲ್ನಡಿಗೆಯವರಿಗೆ, ಟೆಂಟಿನವರಿಗೆ. ಗಾಡಿ ರಸ್ತೆ ಬಿಟ್ಟು ಇಳಿಸುವಂತಿಲ್ಲ.

ಟಾಯ್ಲೆಟ್, ಗ್ಯಾಸ್ ಬಗ್ಗೆ ಹೇಳಿ.

ಟಾಯ್ಲೆಟ್ ಡಬ್ಬಿಯನ್ನು ಅದಕ್ಕೆಂದೇ ಮಾಡಿದ ಜಾಗದಲ್ಲಿ ಮಾತ್ರ ಖಾಲಿ ಮಾಡಿ. ಪೊದೆ, ಚರಂಡಿ, ಹೊಳೆ ಯಾವುದೂ ಅಲ್ಲ. ಪೂರ್ತಿ ತುಂಬುವವರೆಗೆ ಕಾಯಬೇಡಿ, ತುಂಬಿದ ಡಬ್ಬಿ 20 ಕಿಲೋ ಹತ್ತಿರ ಭಾರ, ತುಳುಕುತ್ತದೆ ಕೂಡ.

ಗ್ಯಾಸ್ ವಿಷಯದಲ್ಲಿ ಸಲಿಗೆ ಬೇಡ. ಗಾಡಿ ಓಡುವಾಗ ಸಿಲಿಂಡರ್ ಬಂದ್ ಮಾಡಿ. ಒಲೆಯನ್ನು ಚಳಿ ಕಾಯಿಸಲು ಉರಿಸಬೇಡಿ, ಇದ್ದಿಲಿನ ಒಲೆ ಕೆಂಡ ಆರಿದಂತೆ ಕಂಡರೂ ಒಳಗೆ ತರಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಅದನ್ನು ಹಿಡಿಯುವ ಅಲಾರಂ ಅಂಗೈಯಷ್ಟಿರುತ್ತದೆ. ಬಾಡಿಗೆ ಗಾಡಿಯಲ್ಲಿ ಇಲ್ಲದಿದ್ದರೆ ನೀವೇ ಒಂದು ಕೊಂಡೊಯ್ಯಿರಿ. ಗಾಳಿ ಆಡುವ ಕಿಂಡಿಗಳನ್ನು ಚಳಿ ಅಂತ ಬಟ್ಟೆ ತುರುಕಿ ಮುಚ್ಚಬೇಡಿ.

ನೋಡಲೇಬೇಕಾದ ಸುಂದರ ರಸ್ತೆಗಳು ಯಾವುವು?

ನಾಲ್ಕು ಹೇಳುತ್ತೇನೆ. ಆಸ್ಟ್ರೇಲಿಯಾದ ಗ್ರೇಟ್ ಓಶನ್ ರೋಡ್, ಸುಮಾರು 240 ಕಿಲೋಮೀಟರ್. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರವರೆಗೆ, ಮಡಿದ ಗೆಳೆಯರ ನೆನಪಿಗಾಗಿ ಕಟ್ಟಿದ ರಸ್ತೆ ಅದು. ಒಂದೇ ದಿನದಲ್ಲಿ ಮುಗಿಸುವವರಿದ್ದಾರೆ, ಮೂರು ದಿನ ಕೊಡಿ. ಐಸ್‌ಲ್ಯಾಂಡ್ ಸುತ್ತುವ ರಿಂಗ್ ರೋಡ್ 1,300 ಕಿಲೋಮೀಟರ್‌ಗೂ ಜಾಸ್ತಿ. ಅಲ್ಲಿ ಗಾಡಿ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆರೆಯಬೇಕು, ಇಲ್ಲದಿದ್ದರೆ ಗಾಳಿಗೆ ಬಾಗಿಲ ಕೀಲೇ ತಿರುಚಿಹೋಗುತ್ತದೆ. ಅಲ್ಲಿನ, ಎಫ್ ಅಕ್ಷರದಿಂದ ಗುರುತಿಸುವ ಗುಡ್ಡಗಾಡು ರಸ್ತೆಗಳಿಗೆ ಫೋರ್ ವೀಲ್ ಡ್ರೈವ್ ಗಾಡಿ ಕಡ್ಡಾಯ.

ಇಟಲಿಯ ಸ್ಟೆಲ್ವಿಯೋ ಘಾಟಿಯ ತುದಿ 2,757 ಮೀಟರ್ ಎತ್ತರ, ಪ್ರಾಟೋ ಊರಿನ ಕಡೆಯಿಂದ ಹತ್ತಿದರೆ 48 ಹೇರ್‌ಪಿನ್ ತಿರುವು. ಚಳಿಗಾಲದಲ್ಲಿ ಮುಚ್ಚಿರುತ್ತದೆ. ಕ್ಯಾರವಾನ್ ಕೆಳಗೇ ಬಿಟ್ಟು ಹೋಗಿ. ಅಮೆರಿಕದ ಬ್ಲೂ ರಿಡ್ಜ್ ಪಾರ್ಕ್‌ವೇ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಒಂದು ಕಾರಣಕ್ಕೆ. 755 ಕಿಲೋಮೀಟರ್ ಉದ್ದದ ಆ ರಸ್ತೆಯಲ್ಲಿ ಸರಕು ಲಾರಿ ಇಲ್ಲ, ವೇಗದ ಮಿತಿ ಹೆಚ್ಚೆಂದರೆ ಗಂಟೆಗೆ 72 ಕಿಲೋಮೀಟರ್. ನಿಧಾನವಾಗಿ ಹೋಗಲೆಂದೇ ಕಟ್ಟಿದ ರಸ್ತೆ.

ಒಂದು ಮಾತು, ಓಡಿಸುವವರು ದೃಶ್ಯ ನೋಡಬಾರದು. ನೋಡಬೇಕೆನಿಸಿದರೆ ನಿಲ್ಲಿಸಿ ನೋಡಿ, ತಿರುವಿನಲ್ಲಿ ಅಲ್ಲ, ನಿಲ್ಲಲು ಮಾಡಿದ ಜಾಗದಲ್ಲಿ. ಹಿಂದೆ ನಾಲ್ಕು ಗಾಡಿ ಸಾಲುಗಟ್ಟಿದ್ದರೆ ಪಕ್ಕಕ್ಕೆ ಸರಿದು ದಾರಿ ಬಿಡಿ.

ಬೇರೆ ದೇಶದಲ್ಲಿ ಓಡಿಸಲು ಯಾವ ಲೈಸೆನ್ಸ್ ಬೇಕು?

ನಿಮ್ಮ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಟ್ಟುಕೊಳ್ಳಿ, ಮೂಲ ಲೈಸೆನ್ಸ್ ಇಲ್ಲದೆ ಅದಕ್ಕೆ ಬೆಲೆ ಇಲ್ಲ. 1949ರ ಅಂತರರಾಷ್ಟ್ರೀಯ ರಸ್ತೆ ಸಂಚಾರ ಒಪ್ಪಂದದಂತೆ ಕೊಟ್ಟದ್ದು ಒಂದು ವರ್ಷ, 1968ರದ್ದು ಮೂರು ವರ್ಷದವರೆಗೆ ನಡೆಯುತ್ತದೆ. ಹೋಗುವ ದೇಶ ಯಾವುದನ್ನು ಒಪ್ಪುತ್ತದೆ ನೋಡಿ, ಜಪಾನ್ 1949ರದ್ದನ್ನು ಮಾತ್ರ ಒಪ್ಪುತ್ತದೆ. ಎಷ್ಟೋ ಕಡೆ ಕಾರಿನ ಲೈಸೆನ್ಸ್ 3,500 ಕಿಲೋವರೆಗಿನ ಗಾಡಿಗೆ ಮಾತ್ರ.

ಎಲೆಕ್ಟ್ರಿಕ್ ಕಾರಿನಲ್ಲಿ ಕ್ಯಾರವಾನ್ ಎಳೆಯಬಹುದಾ?

ಎಳೆಯಲು ಅನುಮತಿ ಇರುವ ಮಾಡೆಲ್ ಆದರೆ ಎಳೆಯಬಹುದು. ಒಂದು ಚಾರ್ಜಿನಲ್ಲಿ ಹೋಗುವ ದೂರ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅಂತ ಇಟ್ಟುಕೊಂಡೇ ದಾರಿ ಹಾಕಿಕೊಳ್ಳಿ.

ಹೈವೇಯಲ್ಲಿ ಗಾಡಿ ಕೆಟ್ಟರೆ?

ಅಂಚಿಗೆ ತಂದು ನಿಲ್ಲಿಸಿ, ಹಜಾರ್ಡ್ ದೀಪ ಹಾಕಿ. ಎಲ್ಲರೂ ವಾಹನ ಹೋಗದ ಕಡೆಯ ಬಾಗಿಲಿನಿಂದ ಇಳಿದು, ತಡೆಗೋಡೆ ದಾಟಿ, ಗಾಡಿಯಿಂದ ದೂರ ನಿಲ್ಲಿ. ಒಳಗೆ ಕೂರಬೇಡಿ, ಗಾಡಿಯ ಮುಂದೆ ಹಿಂದೆ ನಿಲ್ಲಬೇಡಿ. ವೇಗದ ರಸ್ತೆಯ ಪಕ್ಕ ಟಯರ್ ಬದಲಾಯಿಸಲು ಕೂರುವುದು ಜೀವದ ಜೊತೆ ಆಟ. ಸಹಾಯಕ್ಕೆ ಫೋನ್ ಮಾಡಿ ಕಾಯಿರಿ.

ಮೊದಲ ಸಲ ಹೊರಡುತ್ತಿದ್ದೇವೆ. ಎಲ್ಲಿಂದ ಶುರು ಮಾಡೋಣ?

ಮನೆಯಿಂದ ಒಂದೆರಡು ಗಂಟೆ ದೂರದ ಜಾಗ ಹುಡುಕಿ, ಒಂದೇ ಒಂದು ರಾತ್ರಿ ತಂಗಿ. ಹಾಸಿಗೆ ಬಿಡಿಸಿ, ಅಡುಗೆ ಮಾಡಿ, ನೀರು ತುಂಬಿಸಿ, ಖಾಲಿ ಮಾಡಿ. ಯಾವ ಕಪಾಟು ಸದ್ದು ಮಾಡುತ್ತದೆ, ಯಾವ ಸ್ವಿಚ್ ಎಲ್ಲಿದೆ, ಯಾರಿಗೆ ಯಾವ ಮೂಲೆಯಲ್ಲಿ ನಿದ್ದೆ ಬರುತ್ತದೆ ಎಲ್ಲ ಒಂದೇ ರಾತ್ರಿಯಲ್ಲಿ ಗೊತ್ತಾಗುತ್ತದೆ. ಬೆಳಿಗ್ಗೆ ಹೊರಡುವ ಮುಂಚೆ ಒಬ್ಬರು ಗಾಡಿಯ ಸುತ್ತ ಒಂದು ಸುತ್ತು ಬರಲಿ: ಚಾವಣಿಯ ಕಿಟಕಿ ಮುಚ್ಚಿದೆಯಾ, ಮೆಟ್ಟಿಲು ಒಳಗೆ ಹೋಗಿದೆಯಾ, ವಿದ್ಯುತ್ ವೈರ್ ಬಿಚ್ಚಿದೆಯಾ, ಗ್ಯಾಸ್ ಬಂದ್ ಆಗಿದೆಯಾ, ಕೊಂಡಿ ಕೂತಿದೆಯಾ, ಹಿಂದಿನ ದೀಪ ಉರಿಯುತ್ತಿದೆಯಾ. ಈ ಪಟ್ಟಿಯನ್ನು ಬಾಗಿಲ ಒಳಬದಿಗೆ ಅಂಟಿಸಿ, ಪ್ರತಿ ಸಲ ಗಟ್ಟಿಯಾಗಿ ಓದಿ. ಆ ಒಂದು ರಾತ್ರಿ ಏನೇನು ಬೇಕಿತ್ತು, ಏನೇನು ಸುಮ್ನೆ ಹೊತ್ತುಕೊಂಡು ಬಂದಿರಿ ಅಂತ ಅಲ್ಲೇ ಬರೆದಿಟ್ಟುಕೊಳ್ಳಿ, ಮನೆಗೆ ಬಂದ ಮೇಲೆ ನೆನಪಿರುವುದಿಲ್ಲ.